ಅದು ಕುಂಬಾರ ಹುಳ ಅಲ್ಲ

ಶುಕ್ರವಾರ ಮಧ್ಯಾಹ್ನ ಶಾಲೆಯ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿ ಕುಳಿತಿದ್ದೆ. ತಂಗಿಯ ಫೋನಿನಿಂದ ಒಂದು ಫೋಟೊ ಬಂತು. ಗುಲಾಬಿ ಕಂಟಿಯ ದಂಟಿನ ಮೇಲೆ ಒಂದು ಹುಳ. ಕೇಸರಿ ಬಣ್ಣದ ಮೈ, ಕರಿ ತಲೆ, ಹೊಗೆ ಹಿಡಿದಂಥ ರೆಕ್ಕೆ. ಅಳತೆ ತಿಳಿಯಲೆಂದು ಪಕ್ಕದಲ್ಲಿ ತನ್ನ ಹೆಬ್ಬೆರಳು ಇಟ್ಟಿದ್ದಳು. ಹುಳ ಆ ಬೆರಳಿನ ಮೊದಲ ಗೆಣ್ಣಿನಷ್ಟು ಉದ್ದವಿತ್ತು. ಫೋಟೊದ ಬೆನ್ನಿಗೇ ಅವಳ ಧ್ವನಿ ಬಂತು: ‘ಅಕ್ಕಾ, ಕುಂಬಾರ ಹುಳ ಬಂದೈತಿ ನೋಡ. ನಮ್ಮ ಅತ್ತಿ ಅಂದ್ರು. ಹೌದಿಲ್ಲೊ?’

ಎಷ್ಟೋ ದಿನಗಳಿಂದ ಅವಳ ದನಿಯಲ್ಲಿ ಅಂಥ ಉಮೇದು ಕೇಳಿರಲಿಲ್ಲ.

ತಂಗಿಯನ್ನು ಮನೋಳಿಗೆ ಕೊಟ್ಟಿದೆ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವ್ವ ತೀರಿಕೊಂಡ ಮೇಲೆ ಅವಳ ಜಡೆ ಹೆಣೆದವಳು ನಾನು, ಅವಳ ಲಗ್ನದಲ್ಲಿ ತಾಯಿಯ ಜಾಗಕ್ಕೆ ನಿಂತವಳೂ ನಾನೇ. ಲಗ್ನವಾಗಿ ಒಂಬತ್ತು ವರ್ಷ. ಮೂರು ಸಲ ಬಸಿರಾದಳು, ಮೂರೂ ಸಲ ಉಳಿಯಲಿಲ್ಲ. ಒಂದು ಎರಡನೇ ತಿಂಗಳಲ್ಲಿ ಹೋಯಿತು, ಒಂದು ಮೂರರಲ್ಲಿ, ಇನ್ನೊಂದು ನಾಲ್ಕು ತುಂಬಿ, ಸೀಮಂತದ ಕುಬಸಕ್ಕೆ ಯಾವ ಬಣ್ಣದ ಸೀರೆ ಎಂದು ನಾವು ಮಾತಾಡುತ್ತಿದ್ದಾಗ. ಈಗ ನಾಲ್ಕನೆಯದು, ಮೂರನೇ ತಿಂಗಳು ನಡೆದಿತ್ತು. ವಾರದ ಹಿಂದೆ ಸ್ವಲ್ಪ ರಕ್ತ ಕಂಡಿತ್ತು. ಸವದತ್ತಿಯಲ್ಲಿ ತೋರಿಸಿದಾಗ ಡಾಕ್ಟರು, ಕೂಸಿನ ಎದೆಬಡಿತ ಇದೆ, ಆದರೆ ನಿಧಾನ ಇದೆ, ಹಾಸಿಗೆ ಬಿಟ್ಟು ಏಳಬೇಡ, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದಿದ್ದರು. ಮುಂದಿನ ಗುರುವಾರ ನಮ್ಮೂರು ಬೈಲಹೊಂಗಲದಲ್ಲಿ ನನ್ನ ಪರಿಚಯದ ಡಾಕ್ಟರ ಹತ್ತಿರ ಸ್ಕ್ಯಾನ್ ಮಾಡಿಸುವುದೆಂದು ನಿಗದಿಯಾಗಿತ್ತು. ಅಲ್ಲಿಯವರೆಗೆ ಅವಳಿಗೆ ಮಾಡಲು ಏನೂ ಇರಲಿಲ್ಲ. ಮಲಗಿರಬೇಕು, ಕಾಯಬೇಕು. ಗುಲಾಬಿ ಕಂಟಿ ಅವಳ ಮಂಚದ ಪಕ್ಕದ ಕಿಟಕಿಯ ಹೊರಗೇ ಇತ್ತು. ಸರಳಿನೊಳಗಿಂದ ಕೈ ಚಾಚಿ ಫೋಟೊ ತೆಗೆದಿದ್ದಳು.

ಕುಂಬಾರ ಹುಳ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆಸರು ಹೊತ್ತು ತಂದು ತೊಲೆಯ ಸಂದಿಗೋ ಬಾಗಿಲ ಮೂಲೆಗೋ ಪುಟ್ಟ ಮಡಕೆಯಂಥ ಗೂಡು ಕಟ್ಟುತ್ತದಲ್ಲ, ಅದು. ಅದು ಮನೆಗೆ ಬಂದು ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎನ್ನುತ್ತಾರೆ. ಗೂಡು ಗುಂಡಗಿದ್ದರೆ ಹೆಣ್ಣು, ಉದ್ದಗಿದ್ದರೆ ಗಂಡು. ಬಸುರಿ ಇರುವ ಮನೆಗೆ ಸುಣ್ಣ ಹಚ್ಚಲು ಬಂದವರೂ ಆ ಗೂಡನ್ನು ಮುಟ್ಟದೆ ಅದರ ಸುತ್ತ ಹಚ್ಚಿ ಹೋಗುತ್ತಾರೆ. ನನ್ನ ಇಬ್ಬರು ಗಂಡುಮಕ್ಕಳು ಹೊಟ್ಟೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಅಂಥ ಗೂಡು ಇತ್ತೋ ಇಲ್ಲವೋ ನನಗೆ ನೆನಪೇ ಇಲ್ಲ. ಹೂವಿನ ಹಾಗೆ ಹೆತ್ತು ಎದ್ದವಳಿಗೆ ಇದೆಲ್ಲ ಮೂಢನಂಬಿಕೆ. ತಂಗಿಗೆ ಮಾತ್ರ ಚೆನ್ನಾಗಿ ನೆನಪಿತ್ತು: ಮೂರು ಬಸಿರಿನಲ್ಲಿ ಒಂದು ಸಲವೂ ಆ ಮನೆಗೆ ಕುಂಬಾರ ಹುಳ ಬಂದಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತಾರು ವರ್ಷ ಕೆಂಪು ಪೆನ್ನು ಹಿಡಿದ ಕೈ ಇದು. ತಪ್ಪು ಕಂಡರೆ ಸುಮ್ಮನಿರುವುದು ನನ್ನಿಂದಾಗದು. ಮದುವೆ ಮನೆಯಲ್ಲಿ ಯಾರಾದರೂ ಬಾವಲಿಯನ್ನು ಹಕ್ಕಿ ಎಂದರೆ ಎಲೆಯ ಮೇಲಿನ ಹೋಳಿಗೆ ಬಿಟ್ಟು ಪಾಠ ಶುರು ಮಾಡುತ್ತೇನೆ. ನಮ್ಮ ಮನೆಯವರು ಇದಕ್ಕೆ ‘ಬಂತ ನೋಡ ಆಕಿಗೆ’ ಎನ್ನುತ್ತಾರೆ, ಮೈಮೇಲೆ ದೇವರು ಬಂದವರಿಗೆ ಅಂದ ಹಾಗೆ.

ಆ ಮಧ್ಯಾಹ್ನವೂ ಬಂತು. ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಕುಂಬಾರ ಹುಳದ ನಡು ದಾರ ಕಟ್ಟಿ ಬಿಗಿದ ಹಾಗೆ ಸಣ್ಣಗಿರುತ್ತದೆ. ಇದಕ್ಕೆ ನಡುವೇ ಇರಲಿಲ್ಲ. ಎದೆಯೂ ಹೊಟ್ಟೆಯೂ ಒಂದೇ ಸಮ ದಪ್ಪ. ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ಫೋನಿಗೆ ಹೇಳಿದೆ: ‘ಏ, ಅದು ಕುಂಬಾರ ಹುಳ ಅಲ್ಲ. ಅದರ ನಡಾ ನೋಡ ಒಂದೀಟ.’

ಪಾಠದ ಗಂಟೆ ಹೊಡೆಯುವಾಗ ಅವಳ ಉತ್ತರ ಬಂತು: ‘ಫೋಟೊದಾಗ ಹಂಗ ಕಾಣತೈತೇನೊ. ನೀನ ಬಂದ ನೋಡ ಅಕ್ಕಾ.’

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ‘ಹೌದಿರಬೇಕು ಬಿಡವ್ವಾ’ ಎಂದು ಮುಗಿಸುತ್ತಿದ್ದರು. ನಾನು ಅಂದದ್ದು ಇದು: ‘ರವಿವಾರ ಬರತೇನಿ. ಅದನ್ನ ಹಾರಾಕ ಬಿಡಬ್ಯಾಡ್ರಿ. ಗಾಜಿನ ಡಬ್ಬ್ಯಾಗ ಹಾಕಿ, ಮುಚ್ಚಳಕ್ಕ ತೂತ ಹೊಡದು, ಗುಲಾಬಿ ಎಲಿ ನಾಕ ಹಾಕಿ ಇಡ್ರಿ.’

ಆ ಎರಡು ದಿನ ನಾನು ಖುಷಿಯಾಗಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಸಂಜೆ ಮನೆಗೆ ಬಂದವಳೇ ಹಳೆಯ ಪುಸ್ತಕ ತೆಗೆದೆ, ಫೋನಿನಲ್ಲಿ ಹುಡುಕಿದೆ. ಕಣಜದ ಹಾಗೆ ಕಾಣುತ್ತದೆ, ಆದರೆ ನಡುವಿಲ್ಲ, ಚುಚ್ಚುವುದಿಲ್ಲ: ಗರಗಸ ನೊಣ. ಮೂಲಂಗಿ, ಸಾಸಿವೆ ಎಲೆಯನ್ನು ತಿಂದು ಜರಡಿ ಮಾಡುವ ಕರಿ ಹುಳಗಳಿವೆಯಲ್ಲ, ಅವುಗಳ ತಾಯಿ ಈ ಬಳಗದ್ದೇ. ಆದರೆ ಅದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿದ್ದರೆ ಹೆಚ್ಚು. ಇದು ಅದರ ಮೂರು ಪಟ್ಟು ಇತ್ತು. ಇಷ್ಟು ದೊಡ್ಡದನ್ನು ನಮ್ಮ ಸೀಮೆಯಲ್ಲಿ ನಾನು ಎಂದೂ ಕಂಡಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಧಾರವಾಡದಲ್ಲಿ ಹುಳುಗಳ ಮೇಲೇ ಓದುತ್ತಿದ್ದಾಳೆ. ಅವಳಿಗೆ ಫೋಟೊ ಕಳಿಸಿದೆ. ‘ಬಳಗ ಅದ ಇರಬೇಕ್ರಿ ಟೀಚರ. ಜಾತಿ ಯಾವುದಂತ ಫೋಟೊ ನೋಡಿ ಹೇಳಾಕ ಬರಂಗಿಲ್ರಿ. ಹುಳಾನ ಬೇಕು. ಸ್ಪಿರಿಟ್‌ನಾಗ ಹಾಕಿ ಕಳಸ್ರಿ’ ಎಂದಳು. ಯಾರೂ ಗುರುತು ಹಿಡಿಯದ ಹುಳವೊಂದು ನನ್ನ ತಂಗಿಯ ಕಿಟಕಿಗೆ ಬಂದಿದೆ ಎಂದು ಹಿಗ್ಗಿದೆ. ಗಂಡನಿಗೆ ಹೇಳಿದೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಆ ಕಿಟಕಿಯ ಒಳಗೆ ತಂಗಿ ಮಲಗಿದ್ದಾಳೆ ಎಂಬುದು ಮಾತ್ರ ನನ್ನ ಜಾಣ ತಲೆಗೆ ಹೋಗಲಿಲ್ಲ ನೋಡಿ.

ರವಿವಾರ ಮುಂಜಾನೆ ಸವದತ್ತಿ ಬಸ್ಸು ಹತ್ತಿದೆ. ದೇವಿಯ ಗುಡ್ಡಕ್ಕೆ ಹೋಗುವವರಿಂದ ಬಸ್ಸು ತುಂಬಿತ್ತು, ನಿಂತೇ ಹೋದೆ. ಶಾಲೆಯ ಲ್ಯಾಬಿನಿಂದ ಭೂತಗನ್ನಡಿ, ಚಿಮಟ, ಒಂದು ಸಣ್ಣ ಬಾಟಲಿ ಸ್ಪಿರಿಟ್ ತಂದಿದ್ದೆ. ಜನ ಒತ್ತಿ ಬಾಟಲಿ ಒಡೆದೀತೆಂದು ಚೀಲವನ್ನು ಎದೆಗೆ ಅವಚಿಕೊಂಡಿದ್ದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಮನೋಳಿಗೆ ಹೋಗುವಾಗ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಿದ್ದರು, ಹೊಲಗಳೆಲ್ಲ ಹಸಿ ಹಸಿಯಾಗಿದ್ದವು. ತಂಗಿಗೆಂದು ಎರಡು ಡಜನ್ ಬಾಳೆಹಣ್ಣು ಮಾತ್ರ ಒಯ್ದಿದ್ದೆ, ಅದೂ ಇಳಿದ ಮೇಲೆ ನೆನಪಾಗಿ ಕೊಂಡದ್ದು.

ತಂಗಿಯ ಅತ್ತೆಗೆ ಎಪ್ಪತ್ತರ ಹತ್ತಿರ. ಎತ್ತರದ ಹೆಂಗಸು, ಕಡಿಮೆ ಮಾತು, ಹುಟ್ಟಿದಾಗಿನಿಂದ ಹೊಲದಲ್ಲೇ ಬೆಳೆದವರು. ಟೀಚರಿಗೆ ನಮ್ಮ ಕಡೆ ಅಕ್ಕಾರು ಎನ್ನುತ್ತಾರಲ್ಲ, ಹಾಗಾಗಿ ವಯಸ್ಸಿನಲ್ಲಿ ತಾಯಿಯಂತಿದ್ದರೂ ನನಗೆ ಅಕ್ಕಾರ ಎಂದೇ ಕರೆಯುತ್ತಿದ್ದರು. ಕಾಲಿಗೆ ನೀರು ಕೊಟ್ಟು, ‘ಕುಂದರ್ರಿ ಅಕ್ಕಾರ, ಚಾ ಇಡತೇನಿ’ ಎಂದರು.

‘ಚಾ ಆಮ್ಯಾಲ ಆಗಲ್ರಿ. ಹುಳಾ ಎಲ್ಲೈತಿ?’

‘ಹುಳಾ ಎಲ್ಲಿ ಓಡಿ ಹೋಗತೈತ್ರಿ? ಡಬ್ಬ್ಯಾಗ ಐತಿ. ಚಾ ಕುಡೀರಿ. ನಿಮ್ಮ ಜೋಡಿ ಒಂದೀಟ ಮಾತಾಡೂದೈತಿ.’

‘ಆಮ್ಯಾಲ ಮಾತಾಡೂಣ್ರಿ’ ಎಂದು ನಾನು ಒಳಗೆ ನಡೆದೇ ಬಿಟ್ಟೆ.

ತಂಗಿಯ ಮಂಚದ ಕಾಲಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದರು. ಮುಖ ಬಿಳಿಚಿತ್ತು, ಆದರೆ ತಲೆ ಬಾಚಿ ಹೂ ಮುಡಿದಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಉಪ್ಪಿನಕಾಯಿಯ ಗಾಜಿನ ಡಬ್ಬಿ. ಒಳಗೆ ಗುಲಾಬಿ ಎಲೆ, ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ.

‘ಎರಡ ದಿನದಿಂದ ನೋಡಾಕತ್ತೇನಿ ಅಕ್ಕಾ. ಮುಂಜಾನಿ ಬಿಸಲ ಬಂತಂದ್ರ ಗಾಜಿಗೆ ಬಂದ ಮೈ ಕಾಸಿಕೊಂತೈತಿ. ಚುಚ್ಚೂದಿಲ್ಲ ಏನಿಲ್ಲ. ಭಾಳ ಸಂಭಾವಿತ ಐತಿ’ ಎಂದು ನಕ್ಕಳು. ‘ಈಗ ನಿನ್ನ ಕನ್ನಡಿ ಹಚ್ಚಿ ನೋಡ. ಸರಿಯಾಗಿ ನೋಡ.’

ಸರಿಯಾಗಿಯೇ ನೋಡಿದೆ. ಮಂಚದ ಅಂಚಿಗೆ ಕುಳಿತು ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಎರಡು ಜೊತೆ ರೆಕ್ಕೆ, ಹಾಗಾಗಿ ಬರೀ ನೊಣವಲ್ಲ, ಜೇನು ಕಣಜಗಳ ಕಡೆಯದು. ಎದೆಗೂ ಹೊಟ್ಟೆಗೂ ನಡುವೆ ಕೊರಳಿಲ್ಲ. ಹೊಟ್ಟೆಯ ತುದಿಯ ಅಡಿಯಲ್ಲಿ ಒಂದು ಸೀಳು. ಆ ಸೀಳಿನೊಳಗೆ ಮಡಚಿಟ್ಟ ಗರಗಸ. ಹೆಣ್ಣು ಹುಳ. ಅನುಮಾನವೇ ಉಳಿಯಲಿಲ್ಲ. ಭೂತಗನ್ನಡಿಯನ್ನು ತಂಗಿಯ ಕೈಗೆ ಕೊಟ್ಟು ಒಂದೊಂದೇ ತೋರಿಸಿದೆ. ಎಂಟನೇ ಇಯತ್ತೆಯ ಹುಡುಗಿಗೆ ತೋರಿಸಿದ ಹಾಗೆ.

‘ನೋಡ, ಇದು ಕೆಸರ ಮುಟ್ಟಂಗಿಲ್ಲ. ಮನಿ ಕಟ್ಟಂಗಿಲ್ಲ. ಕುಂಬಾರ ಹುಳಕ್ಕೂ ಇದಕ್ಕೂ ಸಂಬಂಧನ ಇಲ್ಲ. ಈ ಗರಗಸದಿಂದ ದಂಟ ಕೊಯ್ದು, ಅದರೊಳಗ ತತ್ತಿ ಇಟ್ಟ ಹೊಕ್ಕೈತಿ. ತಿರಗಿ ಸುದ್ದಾ ನೋಡಂಗಿಲ್ಲ.’

ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಇಲ್ಲ. ಹೊರಗೆ ಹೋಗಿ ಗುಲಾಬಿ ಕಂಟಿಯನ್ನು ಹುಡುಕಿದೆ. ಒಂದು ಎಳೆಯ ದಂಟಿನ ಮೇಲೆ ಹೊಲಿಗೆ ಬಿಚ್ಚಿದಂಥ ಉದ್ದ ಗೀರು ಸಿಕ್ಕಿತು. ಮುರಿದು ಒಳಗೆ ತಂದೆ. ಭೂತಗನ್ನಡಿಯಲ್ಲಿ ಗೀರಿನೊಳಗೆ ಸಾಲಾಗಿ ತತ್ತಿಗಳು ಕಂಡವು, ಮಲ್ಲಿಗೆ ಮೊಗ್ಗಿನ ಬಣ್ಣದವು. ನಾನು ಹಿಗ್ಗಿನಿಂದ ‘ಕಂಡುವಿಲ್ಲೊ, ಕಂಡುವಿಲ್ಲೊ?’ ಎಂದೆ.

ತಂಗಿ ಬಹಳ ಹೊತ್ತು ನೋಡಿದಳು. ‘ಇವೆಲ್ಲಾ ತತ್ತಿ ಏನ?’

‘ಹೂಂ.’

‘ಎಲ್ಲಾ ಮರಿ ಆಗತಾವೇನ?’

ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕಸುಬು. ‘ಎಲ್ಲಿ ಆಗತಾವ? ದಂಟ ಮುರದನಲ್ಲ, ಇವು ಒಣಗಿ ಹೊಕ್ಕಾವು. ಮುರೀಲಿಲ್ಲ ಅಂದ್ರೂ ಎಷ್ಟೋ ಒಳಗ ಸಾಯತಾವು. ಇರೂದ ಹಂಗ.’

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆಡಿದ ಮಾತು, ಒಡೆದ ಮುತ್ತು. ತಂಗಿ ಅಳಲಿಲ್ಲ, ಬೈಯಲಿಲ್ಲ. ‘ಹೌದೇನ’ ಎಂದಳು. ಆ ದಂಟನ್ನು ಮೆಲ್ಲಗೆ ದಿಂಬಿನ ಪಕ್ಕ ಇಟ್ಟು, ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ಹೊರಳಿ ಮಲಗಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾರೆ. ಅವಳು ಹಾಗೆ ಒದ್ದಿದ್ದರೂ ನಾನು ಸಂತೋಷದಿಂದ ಒದೆಸಿಕೊಳ್ಳುತ್ತಿದ್ದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ‘ಅಕ್ಕಾರ, ಒಂದೀಟ ಹಿತ್ತಲಕ ಬರ್ರಿ. ಮೆಣಸಿನ ಗಿಡಕ್ಕ ಏನೋ ರೋಗ ಬಿದ್ದಂಗ ಐತಿ, ನೋಡ್ರಿ’ ಎಂದರು.

ಹಿತ್ತಲಲ್ಲಿ ಮೆಣಸಿನ ಗಿಡಗಳು ಹಸಿರಾಗಿ ಚೆನ್ನಾಗಿಯೇ ಇದ್ದವು. ಅವರು ಎಮ್ಮೆಯ ಗೋದಲಿಯ ಕಡೆ ಕರೆದೊಯ್ದು, ಮನೆಯೊಳಗೆ ಕೇಳದ ಹಾಗೆ ದನಿ ತಗ್ಗಿಸಿದರು.

‘ಅದು ಕುಂಬಾರ ಹುಳ ಅಲ್ಲಂತ ನಿಮಗ ಗೊತ್ತಾತು. ನನಗ ಗೊತ್ತಿರಲಿಲ್ಲೇನ್ರಿ?’

ನಾನು ಅವರ ಮುಖ ನೋಡಿದೆ.

‘ಎಪ್ಪತ್ತ ವರ್ಷ ಮಣ್ಣಾಗ ಅದೇನಿ. ಕುಂಬಾರ ಹುಳ ನೋಡಲಾರದ ಕಣ್ಣೇನ್ರಿ ಇವು? ರಗತ ಕಂಡ ದಿನದಿಂದ ಆಕಿ ಕಣ್ಣ ಮುಚ್ಚಿದ್ದಿಲ್ಲ. ಹೊಟ್ಟಿ ಮ್ಯಾಲ ಕೈ ಇಟಗೊಂಡು ಮ್ಯಾಲ ನೋಡಕೋಂತ ಬಿದ್ದಿರತಿದ್ಲು. ಏಳ ದಿನಾ ಅಕ್ಕಾರ. ನನ್ನ ಕೈಲೆ ಏನಾಗತೈತಿ ಹೇಳ್ರಿ? ಔಷಧ ಕೊಡಾಕ ನಾ ಡಾಕ್ಟರ ಅಲ್ಲ. ಶುಕ್ರವಾರ ಈ ಹುಳಾ ಕಿಟಕ್ಯಾಗ ಕುಂತಿತ್ತು. ಕೆಂಪಗ ಇತ್ತು,  ದೊಡ್ಡದಿತ್ತು. ಕುಂಬಾರ ಹುಳ ಬಂತ ನೋಡ ಯವ್ವಾ ಅಂದೆ. ಬಾಯಿಗೆ ಬಂತು, ಅಂದ ಬಿಟ್ಟೆ. ಆವತ್ತ ಹೊತ್ತ ಮುಳಗೂದ್ರಾಗ ನಿದ್ದಿ ಹತ್ತಿತ್ರಿ ಆಕಿಗೆ. ನಿನ್ನೀನೂ ಮಲಗಿದ್ಲು.’

‘ನನಗ ಮೊದಲ ಹೇಳಬಾರದೇನ್ರಿ?’ ಎಂದೆ.

‘ನೀವ ಚಾ ಕುಡ್ಯಾಕೂ ನಿಂದರಲಿಲ್ಲಲ್ರಿ’ ಎಂದರು. ಆಪಾದನೆ ಇರಲಿಲ್ಲ ಆ ಮಾತಿನಲ್ಲಿ. ಆದದ್ದನ್ನು ಹೇಳಿದರು, ಅಷ್ಟೇ.

‘ಈಗ ಏನ ಮಾಡೂಣ್ರಿ?’

‘ಓದಿದವರು ನೀವು. ನೀವ ಹೌದಂದ್ರ ಆಕಿ ನಂಬತಾಳ. ಹೋಗಿ ಏನರ ಅನ್ರಿ.’

ಇಪ್ಪತ್ತಾರು ವರ್ಷದಲ್ಲಿ ನಾನು ಕೊಟ್ಟ ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡದ್ದು ಅದೇ ಮೊದಲು. ಒಳಗೆ ಹೋಗಿ ಮಂಚದ ಅಂಚಿಗೆ ಕುಳಿತೆ. ಅವಳ ಬೆನ್ನಿನ ಮೇಲೆ ಕೈ ಇಟ್ಟೆ. ‘ನೋಡ, ನನಗೂ ಪೂರಾ ಖಾತ್ರಿ ಇಲ್ಲ. ಇಷ್ಟ ದೊಡ್ಡದು ನಾ ಎಂದೂ ನೋಡಿಲ್ಲ. ಧಾರವಾಡದಾಕಿಗೂ ಗೊತ್ತಾಗಿಲ್ಲ. ಕುಂಬಾರ ಹುಳದಾಗ ಇಂಥಾದೊಂದ ಥರಾ ಇದ್ರೂ ಇರಬಹುದು. ಇರಬಹುದಲ್ಲ?’

ಅವಳು ಹೊರಳಿ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ, ಅವ್ವ ಎಲ್ಲಿ ಎಂದು ಕೇಳಿ ನನ್ನ ಉತ್ತರ ಕಾಯುವಾಗ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ನನ್ನ ಕೈ ತಟ್ಟಿದಳು. ನಾನು ಅವಳನ್ನು ಸಮಾಧಾನ ಮಾಡಲು ಹೋದರೆ ಅವಳೇ ನನ್ನನ್ನು ಸಮಾಧಾನ ಮಾಡಿದಳು.

‘ಇರಲಿ ಬಿಡಕ್ಕಾ. ಅದನ್ನ ಬಿಟ್ಟ ಬಿಡ ಪಾಪ. ಹೊಟ್ಯಾಗ ಇನ್ನೂ ತತ್ತಿ ಇರಬೇಕಲ್ಲ ಅದಕ್ಕ?’

‘ಇರತಾವು’ ಎಂದೆ. ಇದೊಂದಕ್ಕಾದರೂ ನಿಜವಾದ ಉತ್ತರ ಒಳ್ಳೆಯದಾಗಿತ್ತು.

ಚೀಲದಲ್ಲಿ ಸ್ಪಿರಿಟ್ ಬಾಟಲಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಕಿಟಕಿಯ ಸರಳಿನಾಚೆ ಡಬ್ಬಿ ಹಿಡಿದು ಮುಚ್ಚಳ ತೆಗೆದೆ. ಹುಳ ಅಂಚಿನ ಮೇಲೆ ಬಂದು ಕುಳಿತು ಮೀಸೆ ಒರೆಸಿಕೊಂಡಿತು. ಬಿಸಿಲಿಗೆ ಮೈ ಕಾದ ಮೇಲೆ ಭಾರವಾಗಿ ಎದ್ದು ಗೋಡೆ ದಾಟಿ ಹೋಯಿತು. ಧಾರವಾಡದ ಹುಡುಗಿಗೆ ಹಾರಿ ಹೋಯಿತೆಂದು ತಿಳಿಸಿದೆ. ‘ಅಯ್ಯ ಟೀಚರ, ಇನ್ನ ಅದು ಯಾವುದಂತ ಗೊತ್ತಾಗೂದ ಇಲ್ಲ’ ಎಂದು ಬರೆದಳು. ಗೊತ್ತಾಗಲೂ ಇಲ್ಲ. ಊಟ ಮಾಡಿ ಹೋಗಿರೆಂದು ಅತ್ತೆ ಒತ್ತಾಯ ಮಾಡಿದರು. ಉಂಡೆ. ರುಚಿ ತಿಳಿಯಲಿಲ್ಲ.

ಸೋಮವಾರದಿಂದ ದಿನಾ ಫೋನು ಮಾಡಿದೆ. ‘ರಾತ್ರಿ ಮಲಗಿದ್ಲೇನ್ರಿ?’ ಎಂದು ಅತ್ತೆಯನ್ನು ಕೇಳುತ್ತಿದ್ದೆ. ‘ಹಂಗ ಐತ್ರಿ’ ಎನ್ನುತ್ತಿದ್ದರು. ಹಾಗೆಂದರೆ ಇಲ್ಲ ಎಂದೇ ಅರ್ಥ. ಮಂಗಳವಾರ ಏಳನೇ ಪೀರಿಯಡ್ಡಿನಲ್ಲಿ ಹುಡುಗನೊಬ್ಬ ತಿಮಿಂಗಿಲವನ್ನು ಮೀನೆಂದ. ಹೂಂ ಎಂದು ಸುಮ್ಮನೆ ಕುಳಿತೆ. ಇಡೀ ಕ್ಲಾಸು ನನ್ನ ಮುಖ ನೋಡಿತು.

ಗುರುವಾರ ಬಾಡಿಗೆ ಕಾರಿನಲ್ಲಿ ತಂಗಿಯನ್ನು ಬೈಲಹೊಂಗಲಕ್ಕೆ ಕರೆತಂದೆ. ಅವಳ ಗಂಡನದು ಸಾಮಾನು ಸಾಗಿಸುವ ಟೆಂಪೊ. ಆ ದಿನ ರಾಮದುರ್ಗದ ಬಾಡಿಗೆ ಇತ್ತು. ಬಿಟ್ಟು ಬರುತ್ತೇನೆಂದ. ‘ನೀವ ಹೋಗ್ರಿ, ಅಕ್ಕ ಅದಾಳ’ ಎಂದು ಇವಳೇ ಕಳಿಸಿದಳು. ಅತ್ತೆ ಬಾಗಿಲವರೆಗೆ ಬಂದರು. ಕಾರಿನ ಕಿಟಕಿಯಲ್ಲಿ ಬಗ್ಗಿ ಸೊಸೆಯ ಗಲ್ಲ ಮುಟ್ಟಿ ಬೆರಳು ಮುರಿದರು. ಸುದ್ದಿ ತಿಳಿಯುವತನಕ ಬಾಯಿಗೆ ಹನಿ ನೀರೂ ಹಾಕುವುದಿಲ್ಲವೆಂದು ಮುಂಜಾನೆಯೇ ದೇವರ ಮುಂದೆ ಅಂದುಕೊಂಡಿದ್ದರಂತೆ. ದಾರಿಯಲ್ಲಿ ತಂಗಿ ಹೇಳಿದಳು. ಸಕ್ಕರೆ ಕಾಯಿಲೆಯವರು ಹಾಗೆ ಉಪವಾಸ ಮಾಡಬಾರದು ಎಂದು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ದವಾಖಾನೆಯ ಒಳ ಕೋಣೆಯಲ್ಲಿ ಡಾಕ್ಟರು ಹೊಟ್ಟೆಗೆ ತಣ್ಣನೆಯ ಮುಲಾಮು ಹಚ್ಚಿ ಯಂತ್ರದ ಹಿಡಿಯನ್ನು ಆಡಿಸಿದರು. ನಿಲ್ಲಿಸಿದರು. ಒತ್ತಿದರು. ಬೇರೆ ಕಡೆಯಿಂದ ಇನ್ನೊಮ್ಮೆ ಆಡಿಸಿದರು. ಪರದೆ ನನ್ನ ಕಡೆಗಿತ್ತು. ವರ್ಷ ವರ್ಷವೂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಿಂದ ಗರ್ಭದ ಚಿತ್ರ ಬರೆಯುವವಳು ನಾನು. ಆ ಪರದೆಯಲ್ಲಿ ಏನು ಅಲುಗಬೇಕಿತ್ತು, ಏನು ಅಲುಗುತ್ತಿಲ್ಲ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಗುರುತಿಸುವುದು ಬಾರದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ತಂಗಿ ಪರದೆಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

‘ಎದಿಬಡಿತ ಇಲ್ಲವ್ವಾ’ ಎಂದರು ಡಾಕ್ಟರು. ‘ನಿಂತು ಹತ್ತ ಹನ್ನೆರಡ ದಿನಾ ಆಗಿರಬೇಕು. ನಿನ್ನ ತಪ್ಪ ಏನೂ ಇಲ್ಲ. ಯಾರ ತಪ್ಪೂ ಅಲ್ಲ.’

ಹತ್ತು ಹನ್ನೆರಡು ದಿನ. ನಾನು ಬೆರಳು ಮಡಚಿದೆ. ಹುಳ ಕಿಟಕಿಗೆ ಬಂದ ದಿನಕ್ಕಾಗಲೇ ಕೂಸು ಇರಲಿಲ್ಲ. ಅಂದರೆ ನನ್ನ ಮಾತಿನಿಂದ ಏನೂ ಆಗಿರಲಿಲ್ಲ. ಒಂದು ಕ್ಷಣ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಅಂದು ಹೌದು ಎಂದಿದ್ದರೆ ಕೂಸು ಉಳಿಯುತ್ತಿರಲಿಲ್ಲ, ನಿಜ. ತಂಗಿ ಇನ್ನೂ ನಾಲ್ಕು ರಾತ್ರಿ ನಿದ್ದೆ ಮಾಡುತ್ತಿದ್ದಳು. ಆ ನಾಲ್ಕು ರಾತ್ರಿಯನ್ನು ನಾನು ಕಸಿದುಕೊಂಡೆ, ಒಂದು ಹುಳದ ನಡುವಿನ ಸಲುವಾಗಿ.

ಮರುದಿನ ಮತ್ತೆ ಬರಬೇಕೆಂದರು, ಮಾತ್ರೆ ಕೊಟ್ಟರು. ಹೊರಗೆ ಗೋಡೆಗೆ ಹಚ್ಚಿದ ಬೆಂಚಿನ ಮೇಲೆ ಕುಳಿತೆವು. ಸುತ್ತ ಹೊಟ್ಟೆ ಹೊತ್ತ ಹೆಣ್ಣುಮಕ್ಕಳು, ಅವರ ತಾಯಂದಿರು, ಕೈಯಲ್ಲಿ ಫೈಲು. ತಂಗಿ ಸೆರಗನ್ನು ಹೊದ್ದು ಹೊಟ್ಟೆ ಮುಚ್ಚಿಕೊಂಡಳು. ಏನು ಹೇಳಿದರೂ ಅದು ಅವಳಿಗೆ ನಾಲ್ಕನೇ ಸಲ ಕೇಳಿದ ಮಾತು. ಅವಳ ಕೈ ಹಿಡಿದು ಕುಳಿತೆ. ಅಷ್ಟರಲ್ಲಿ ಅವಳ ಫೋನು ಹೊಡೆಯಿತು. ಅತ್ತೆಯದು. ತಂಗಿ ಅದನ್ನು ನನ್ನ ಮಡಿಲಿಗೆ ಹಾಕಿದಳು.

‘ನೀ ಮಾತಾಡಕ್ಕಾ. ಎಲ್ಲಾ ಚಲೋ ಐತಿ ಅನ್ನ.’

‘ಏನಂತಿ?’

‘ಅವ್ರು ಮುಂಜಾನಿಂದ ಹನಿ ನೀರ ಕುಡದಿಲ್ಲ. ಈಗ ಹೇಳಿದ್ರ ಮನ್ಯಾಗ ಒಬ್ಬರ ಅದಾರ, ತಲಿ ತಿರಗಿ ಬಿದ್ದರಂದ್ರ ಎತ್ತಾಕ ಯಾರಿಲ್ಲ. ಮೊದಲ ಉಣ್ಣಲಿ. ಮನಿಗೆ ಹೋದ ಮ್ಯಾಲ ನಾ ಹೇಳತೇನಿ. ಎತ್ತಕ್ಕಾ, ಕಟ್ ಆಗತೈತಿ.’

ಎತ್ತಿದೆ. ‘ಹಾಂ ಅತ್ತಿ, ನಾನ್ರಿ’ ಎಂದೆ. ‘ಎಲ್ಲಾ ಚಲೋ ಐತ್ರಿ. ಡಾಕ್ಟರ ನೋಡಿದ್ರು. ಎಲ್ಲಾ ಚಲೋ ಐತಿ ಅಂದ್ರು. ನೀವ ಉಣ್ರಿ.’

ಅತ್ತ ಕಡೆ ಎಮ್ಮೆ ಕೊರಳು ಕೊಡವಿದ ಸದ್ದು ಕೇಳಿತು. ಅತ್ತೆ ಕೇಳಿದರು: ‘ಅಕ್ಕಾರ, ಆಕಿ ಬಾಜೂಕ ಕುಂತಾಳೇನ್ರಿ?’

‘ಹೂಂ ರೀ.’

‘ನಿಮಗ ಸುಳ್ಳ ಹೇಳಾಕ ಬರಂಗಿಲ್ರಿ.’

ತಂಗಿ ನನ್ನನ್ನೇ ನೋಡುತ್ತಿದ್ದಳು. ನಗಲು ಪ್ರಯತ್ನ ಮಾಡಿದೆ.

‘ಹೋತೇನ್ರಿ?’

‘ಹೂಂ ರೀ’ ಎಂದೆ, ಹೌದು ಹೌದು ಎಂದು ಸಂತೋಷಕ್ಕೆ ತಲೆಯಾಡಿಸುವವರ ಹಾಗೆ.

ಸೆರಗು ಬಾಯಿಗೆ ಒತ್ತಿಕೊಂಡಿದ್ದರೇನೋ, ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ದನಿ ಸರಿ ಮಾಡಿಕೊಂಡು ಹೇಳಿದರು: ‘ನಾ ಉಣ್ಣಾಕ ಕುಂತೆ ಅಂತ ಹೇಳ್ರಿ ಆಕಿಗೆ. ಇಲ್ಲಂದ್ರ ನನ್ನ ಚಿಂತೀನ ಮಾಡತಾಳ. ಮೆತ್ತಗ ಕರಕೊಂಡ ಬರ್ರಿ.’ ಫೋನು ಇಟ್ಟರು.

‘ಏನಂದ್ರು?’ ಎಂದಳು ತಂಗಿ.

‘ಉಣ್ಣಾಕ ಕುಂತಾರಂತ.’

‘ಖರೇನ?’

‘ಖರೇನ.’

‘ಏನ ಮಾಡ್ಯಾರಂತ?’

‘ರೊಟ್ಟಿ’ ಎಂದೆ. ಅವಳು ಇನ್ನೂ ನೋಡುತ್ತಿದ್ದಳು. ‘ಹೆಸರಕಾಳ ಪಲ್ಯಾ. ಮಸರು. ಶೇಂಗಾ ಹಿಂಡಿ ಹಚಗೊಂಡ ಉಣ್ಣಾಕತ್ತಾರಂತ.’

‘ಚಲೋ ಆತು’ ಎಂದು ತಂಗಿ ನನ್ನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದಳು.